ಹೊಳೆ ಹೆಚ್ಚಿತು

ಕರೆಹೊಳೆ ಇಳಿಜಾರು ಹುಡುಕಿಕೊಂಡು ಹರಿಯುವ ಹೊಳೆಯಲ್ಲ; ಕರೆದ ಕಡೆಗೆ ಬರುವ ಹೊಳೆ. ಎರಡು ಚಂದ್ರರು ಬೆಳಗುವ ಆ ಸೀಮೆಯಲ್ಲಿ ನೆಲವೆಲ್ಲ ಅಂಗೈಯಂತೆ ಸಪಾಟು. ನೀರನ್ನು ಎಳೆದುಕೊಳ್ಳಲು ತಗ್ಗೆಂಬುದೇ ಇಲ್ಲ. ಆದರೂ ಹೊಳೆ ನಡೆಯುತ್ತಿತ್ತು. ಅದರ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿದ್ದವು. ಸದ್ದು ತಾಕಿದರೆ ಸಾಕು, ಅವು ಒಂದರ ಬಾಲ ಇನ್ನೊಂದು ಹಿಡಿದು ಸರಪಳಿ ಕಟ್ಟಿ ಸದ್ದಿನ ದಿಕ್ಕಿಗೆ ಜಗ್ಗುತ್ತಿದ್ದವು. ಸರಪಳಿಯ ಬೆನ್ನಿಗೆ ನೀರು.

ಹಿಂದೆ ದಡದ ಜನ ಗುಂಪುಗೂಡಿ ಎದೆ ಬಿರಿಯುವಂತೆ ಕೂಗಿ ಹೊಳೆಯನ್ನು ತಮ್ಮೂರಿಗೆ ಕರೆದುಕೊಳ್ಳುತ್ತಿದ್ದರು. ಇದು ಒರಟು ಪದ್ಧತಿ, ಗಂಟಲು ದೊಡ್ಡದಿದ್ದವನ ನ್ಯಾಯ ಎಂದು ಉಪ್ಪರಿಗೆ ಪಟ್ಟಣದ ವಿದ್ವಾಂಸರು ತೀರ್ಮಾನಿಸಿದರು. ಹೊಳೆಯ ತಳದುದ್ದಕ್ಕೂ ಕಂಚಿನ ತಮಟೆಗಳನ್ನು ಹೂಳಿದರು. ಊರೂರಿನ ನೀರುಮೆಟ್ಟಿಲಿಗೆ ಒಂದೊಂದು ಕಿವಿಗಲ್ಲು ನೆಟ್ಟರು. "ಇನ್ನು ಕೂಗಬೇಡಿ. ಒಬ್ಬೊಬ್ಬರೇ ಬಂದು ಕಲ್ಲಿನ ಹತ್ತಿರ ಮೆಲ್ಲಗೆ ಹೇಳಿಕೊಳ್ಳಿ. ನಾವು ಕೇಳಿಸಿಕೊಂಡು ಯಾರಿಗೆ ಎಷ್ಟು ಬೇಕೋ ಅಷ್ಟು ಕಳಿಸುತ್ತೇವೆ" ಎಂದರು. ಜನ ಒಪ್ಪಿದರು. ಒಬ್ಬೊಬ್ಬರೇ ಮೆಲ್ಲಗೆ ಹೇಳಿಕೊಳ್ಳುವ ಜನರನ್ನು ಆಳುವುದು ಎಷ್ಟು ಸುಲಭವೆಂದು ಒಪ್ಪುವಾಗ ಯಾರಿಗೂ ಹೊಳೆಯಲಿಲ್ಲ.

ಹೊಳೆಯ ಕೊನೆಯ ಕವಲಿನಲ್ಲಿ ಹಳುವಟ್ಟಿ ಎಂಬ ಊರು. ಜೊಂಡು ಕೊಯ್ದು ನೀರಲ್ಲಿ ನೆನೆಹಾಕಿ ಚಾಪೆ ಹೆಣೆಯುವವರ ಊರು. ಆ ಊರಿನ ಸೋಬಿ ಪಟ್ಟಣದ ಕಿವಿಮನೆಯಲ್ಲಿ ಕೇಳುಗಾರ್ತಿಯಾಗಿದ್ದಳು. ಊರೂರಿನ ಕಲ್ಲುಗಳು ಹಿಡಿದ ಮಾತು ತಾಮ್ರದ ತಂತಿಗಳಲ್ಲಿ ಅಲ್ಲಿಗೆ ಬರುತ್ತಿತ್ತು. ಯಂತ್ರ ಆ ಮಾತಿನಿಂದ ಪದಗಳನ್ನು ಹೆಕ್ಕಿ ತೂಗುತ್ತಿತ್ತು. 'ಇಲ್ಲ', 'ಬತ್ತಿತು', 'ಒಣಗಿತು' ಎಂದರೆ ಮುಳ್ಳು ಕೆಂಪಿಗೆ. ಆ ಊರಿನ ತಮಟೆ ತಾನಾಗಿ ಮೊಳಗಿ ನೀರನ್ನು ಕರೆಯುತ್ತಿತ್ತು. 'ಇದೆ', 'ತುಂಬಿತು', 'ಹೆಚ್ಚಿತು' ಎಂದರೆ ಮುಳ್ಳು ಹಸಿರಿಗೆ, ತಮಟೆ ಸುಮ್ಮನಾಗುತ್ತಿತ್ತು. ಹಳ್ಳಿಗಾಡಿನ ಉಚ್ಚಾರಣೆ ಯಂತ್ರಕ್ಕೆ ತೊಡಕಾದಾಗ ಇಂಥ ಪದ ಎಂದು ಹೇಳುವುದು ಸೋಬಿಯ ಕೆಲಸ. ಅದಕ್ಕೊಂದು ಕಟ್ಟಳೆಯಿತ್ತು: ತನ್ನೂರಿನ ತಂತಿಯನ್ನು ತಾನು ಕೇಳುವಂತಿಲ್ಲ. ಪಕ್ಷಪಾತ ಆಗಬಾರದಲ್ಲ! ಹಾಗಾಗಿ ಅವಳು ಹಳುವಟ್ಟಿಯ ಮುಳ್ಳನ್ನು ದೂರದಿಂದ ನೋಡುತ್ತಿದ್ದಳಷ್ಟೇ. ಅದು ಬಹಳ ಕಾಲದಿಂದ ಹಸಿರಲ್ಲಿತ್ತು. 'ನಮ್ಮೋರು ಸುಖವಾಗವ್ರೆ' ಎಂದು ಅವಳು ನೆಮ್ಮದಿಯಾಗಿದ್ದಳು.

ಆ ನೆಮ್ಮದಿ ಹೊತ್ತುಕೊಂಡೇ ಅವಳು ರಜೆಗೆ ಊರಿಗೆ ಹೊರಟದ್ದು. ದೋಣಿಯವನು ನಡುದಾರಿಯಲ್ಲೇ ದೋಣಿ ನಿಲ್ಲಿಸಿ ಇಳಿ ಅಂದ. "ಯಾಕಣ್ಣ?" ಎಂದು ಕೇಳಿದರೆ ಅವನು ಮುಂದಕ್ಕೆ ಗದ್ದ ತೋರಿಸಿದ. ಕವಲಿನುದ್ದಕ್ಕೂ ಬರೀ ಮರಳು, ಬಿರುಕು ಬಿಟ್ಟ ಕೆಸರು, ಬಿಳಿಚಿಕೊಂಡು ನಿಂತ ಜೊಂಡು.

ಮನೆ ಮುಂದೆ ಅವಳ ತಾಯಿ ಕಾಳಾಜಮ್ಮ ಒಣ ಜೊಂಡನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಬಾಗಿಸಲು ಹೆಣಗುತ್ತಿದ್ದಳು. ಬಾಗಿಸಿದ್ದು ಲಟಕ್ಕನೆ ಮುರಿಯುತ್ತಿತ್ತು.

"ಬಾರವ್ವ, ಕಿವಿಮನೆ ದೊರೆಸಾನಿ," ಎಂದಳು ಪಕ್ಕದ ಮನೆಯ ಚೆಲುವಿ, ಜಗುಲಿಯಿಂದಲೇ. "ಕಾಲು ತೊಳ್ಕೊಳಕ್ಕೆ ನೀರು ಕೊಡಾನ ಅಂದ್ರೆ ಚೊಂಬೈತೆ, ನೀರು ನೀನೇ ತರಬೇಕು."

"ಅವ್ವಾ, ಇದೇನವ್ವಾ ಇದು? ಕಲ್ಲಿಗೆ ಹೇಳ್ನಿಲ್ವಾ?"

"ಹೇಳ್ದೆ ಇರ್ತೀವಾ ಮಗಾ? ದಿನಾ ಬೆಳಗಾದ್ರೆ ಊರೆಲ್ಲ ಸಾಲುಗಟ್ಟಿ ಹೇಳ್ತಾ ಇಲ್ವಾ?" ಕಾಳಾಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ತಾಯೀ, ಹೊಳೆ ಹೆಚ್ಚೋಯ್ತು, ನೀರು ಹೆಚ್ಚೋಯ್ತು, ಕಣ್ಬುಟ್ಟು ನೋಡವ್ವಾ ಅಂತ."

ಸೋಬಿ ತಾಯಿಯ ಎದುರು ಕುಕ್ಕರಿಸಿದಳು.

ಆ ಸೀಮೆಯ ಜನ ಕೆಟ್ಟದ್ದನ್ನು ಅದರ ಹೆಸರು ಹಿಡಿದು ಕರೆಯುವುದಿಲ್ಲ. ಬಳೆ ಒಡೆದರೆ 'ಒಡೆಯಿತು' ಎನ್ನುವುದಿಲ್ಲ, 'ಹೆಚ್ಚಿತು' ಎನ್ನುತ್ತಾರೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಅಕ್ಕಿ ಮುಗಿದರೂ ಹೆಚ್ಚುವುದೇ, ಅರಿಸಿನ ಕುಂಕುಮ ಮುಗಿದರೂ ಹೆಚ್ಚುವುದೇ. ಇನ್ನು ಹೊಳೆ! ಹೊಳೆಗೆ ಕಿವಿಯುಂಟು. ಕಿವಿಯುಳ್ಳವಳ ಎದುರಿಗೆ ನಿಂತು 'ಬತ್ತಿದೆ' ಎಂದರೆ ಬತ್ತಿಯೇ ಹೋಗುತ್ತಾಳೆ. ಅದಕ್ಕೇ ಅವರು ಕಣ್ಣೀರು ಸುರಿಸುತ್ತ 'ಹೆಚ್ಚಿತು' ಅನ್ನುತ್ತಿದ್ದರು. ಅತ್ತ ಯಂತ್ರ ಅದನ್ನು ಹಸಿರಿಗೆ ಹಾಕುತ್ತಿತ್ತು. ನೀರು ಇಳಿದಷ್ಟೂ ಜನ ಹೆಚ್ಚಿತೆಂದು ಗೋಳಾಡಿದರು. ಗೋಳಾಡಿದಷ್ಟೂ ನೀರು ಇಳಿಯಿತು.

"ಅಯ್ಯೋ, ಹಂಗನ್ಬೇಡ್ರವ್ವಾ!" ಎಂದು ಸೋಬಿ ಬಾಯಿ ಬಡಿದುಕೊಂಡಳು. "ಅಲ್ಲಿ ಹೆಚ್ಚಿತು ಅಂದ್ರೆ ಜಾಸ್ತಿ ಐತೆ ಅಂತ ತಿಳ್ಕೋತಾರೆ. ಇಲ್ಲ ಅನ್ರವ್ವಾ. ಬತ್ತೋಯ್ತು ಅನ್ರಿ."

ಚೆಲುವಿ ಎದ್ದು ಕಿವಿ ಮುಚ್ಚಿಕೊಂಡು ಒಳಗೆ ಹೋದಳು. ಕಾಳಾಜಮ್ಮ ಮಗಳ ಬಾಯಿಗೆ ಅಡ್ಡ ಕೈ ಇಟ್ಟಳು. ಆ ಕೈ ಜೊಂಡಿನಷ್ಟೇ ಒಣಗಿತ್ತು.

ಊರಿನವರಿಗೆ ಡಂಗುರ ಆಗಲೇ ಬಂದಿತ್ತು: ಬರುವ ಸೇರಿಕೆಯ ದಿನ, ಅಂದರೆ ಎರಡೂ ಚಂದ್ರರು ಒಂದಾಗುವ ದಿನ, ಕಿವಿಮನೆಯ ಅಧಿಕಾರಿಗಳು ಬಂದು ಕೊನೆಯ ಸಲ ಕಲ್ಲಿನ ಮಾತು ಕೇಳುತ್ತಾರೆ. ಮುಳ್ಳು ಹಸಿರಲ್ಲೇ ಇದ್ದರೆ ಈ ಊರಿಗೆ ಹೊಳೆ ಬೇಕಾಗಿಲ್ಲವೆಂದು ಕವಲಿನ ಬಾಯಿಗೆ ಸುಣ್ಣ ಸುರಿಯುತ್ತಾರೆ. ಸುಣ್ಣ ಬಿದ್ದರೆ ನೀರಿನ ಜೀವಿಗಳು ಸಾಯುತ್ತವೆ. ಆಮೇಲೆ ಯಾರು ಕರೆದರೂ, ಎಷ್ಟು ಕರೆದರೂ, ಆ ಕವಲಿಗೆ ನೀರು ತಿರುಗುವುದಿಲ್ಲ.

ಸೋಬಿ ರಜೆ ಮುಗಿಸದೆ ಕಿವಿಮನೆಗೆ ಹಿಂದಿರುಗಿದಳು.

*

ಅಧೀಕ್ಷಕ ವಿಭಾಕರ ಸೌಮ್ಯ ಮನುಷ್ಯ. ಯಾರ ಮೇಲೂ ದನಿ ಎತ್ತಿದವನಲ್ಲ. ಸೋಬಿ ಹೇಳಿದ್ದನ್ನೆಲ್ಲ ತಲೆದೂಗಿಕೊಂಡು ಕೇಳಿದ.

"ನೋಡಮ್ಮ ಸೋಬಿ, ನೀನು ಒಳ್ಳೆಯ ಕೆಲಸಗಾರ್ತಿ. ಆದರೆ ನಿನ್ನ ಕೆಲಸ ಪದ ಹೇಳೋದು. ಅರ್ಥ ನಮಗೆ ಬಿಡು."

"ಅರ್ಥ ತಪ್ಪಾಗಿದೆ ಸ್ವಾಮಿ. ನಮ್ಮ ಕಡೆ ಹೆಚ್ಚಿತು ಅಂದರೆ ಇಲ್ಲ ಅಂತ."

"ಇಲ್ಲ ಅನ್ನೋದಕ್ಕೆ ಹೆಚ್ಚು ಅಂತಾರಾ?" ಅವನು ನಕ್ಕ. ಗೇಲಿಯ ನಗು ಅಲ್ಲ. ಮಗುವಿನ ಮಾತಿಗೆ ಹಿರಿಯರು ನಗುವ ನಗು. "ವಿಚಿತ್ರವಾಗಿದೆ. ನಮಗಂತೂ ಗೊತ್ತಿಲ್ಲದ ವಿಷಯ. ವಿದ್ವಾಂಸರ ಸಭೆಯಲ್ಲಿ ಇಡೋಣ. ಸೇರಿಕೆ ಕಳೀಲಿ."

"ಸೇರಿಕೆ ಕಳೆದ ಮೇಲೆ ಏನಿರ್ತದೆ ಸ್ವಾಮಿ ಇಡೋಕೆ?"

ಅಷ್ಟರಲ್ಲಿ ವಿಭಾಕರನ ತಾಯಿ ಮಗನಿಗೆ ಬುತ್ತಿ ಹಿಡಿದು ಒಳಗೆ ಬಂದಳು. ಆಕೆ ದಿನವೂ ಬರುವವಳೇ. ಕಬ್ಬಿಣದ ಬಾಗಿಲು ಗಾಳಿಗೆ ರಪ್ಪನೆ ಮುಚ್ಚಿಕೊಂಡು ಆಕೆಯ ಮುಂಗೈಗೆ ಬಡಿಯಿತು. ಹಸಿರು ಗಾಜಿನ ಚೂರು ನೆಲದ ಮೇಲೆ ಚೆಲ್ಲಿತು.

"ಅಯ್ಯೋ ಅಮ್ಮಾ! ಬಳೆ ಹೆಚ್ಚಿತಲ್ಲಾ!" ಎಂದು ವಿಭಾಕರ ಕುರ್ಚಿಯಿಂದ ಜಿಗಿದ. ತಾಯಿಯ ಕೈ ಹಿಡಿದು ರಕ್ತವೇನಾದರೂ ಬಂತೇ ಎಂದು ತಿರುಗಿಸಿ ನೋಡಿದ.

ಆಮೇಲೆ ಅವನ ಬೆನ್ನು ಗಟ್ಟಿಯಾಯಿತು. ನಿಧಾನಕ್ಕೆ ಸೋಬಿಯತ್ತ ತಿರುಗಿದ. ಸೋಬಿ ಬಗ್ಗಿ ಗಾಜಿನ ಚೂರು ಆಯುತ್ತಿದ್ದಳು. ಅವಳು ತಲೆ ಎತ್ತಲಿಲ್ಲ. ತಲೆ ಎತ್ತಿದರೆ ತನ್ನ ಮುಖ ಅವನಿಗೆ ಕಾಣುತ್ತಿತ್ತು.

ಅರಿಯದೆ ನಾಲಿಗೆ ಆಡಿದ ಮಾತೇ? ಇರಬಹುದು, ಎಂದುಕೊಂಡಳು. ಮನುಷ್ಯ ಮನೆಯಲ್ಲಿ ಆಡುವ ಮಾತನ್ನು ಕಚೇರಿಯ ಹೊಸ್ತಿಲಲ್ಲಿ ಮರೆಯುವುದುಂಟು. ಸಂಶಯ ಪಡುವುದು ಸುಲಭ, ಸಂಶಯವನ್ನು ಇಳಿಸಿಕೊಳ್ಳುವುದು ಕಷ್ಟ. ಆದರೂ ಅಂದಿನಿಂದ ಅವಳು ಕಿವಿಮನೆಯಲ್ಲಿ ಒಂದು ಲೋಟ ನೀರನ್ನೂ ನೋಡದೆ ಕುಡಿಯಲಿಲ್ಲ.

ಮರುದಿನ ಅವಳ ಪಾಲಿಗೆ ಬಂದದ್ದು ಪಟ್ಟಣದ ತಂತಿ. ಶ್ರೀಮಂತರ ಕೇರಿಯ ಕೊಳದ ಕಲ್ಲಿನ ಮುಂದೆ ಯಾರೋ ಗೃಹಿಣಿ, ಬಲು ನಾಜೂಕಿನ ದನಿ:

"ನಮ್ಮ ಕೊಳದಲ್ಲಿ ನೀರು ಹೆಚ್ಚಿಹೋಗಿದೆ. ನಾಳೆ ಮನೆಯಲ್ಲಿ ಶುಭಕಾರ್ಯ. ಸ್ವಲ್ಪ ನೋಡಿ ಆಯ್ತಾ?"

ಸೋಬಿ ಮುಳ್ಳನ್ನೇ ನೋಡಿದಳು. ಅದು ಕೊಂಚವೂ ಅನುಮಾನಿಸಲಿಲ್ಲ. ಸರ್ರನೆ ಕೆಂಪಿಗೆ ತಿರುಗಿತು. ಎಲ್ಲೋ ನೀರಿನಡಿಯಲ್ಲಿ ಪಟ್ಟಣದ ತಮಟೆಗಳು ಢಂ ಢಂ ಎಂದು ಮೊಳಗುವುದು ನೆಲದ ಮೂಲಕ ಅವಳ ಅಂಗಾಲಿಗೆ ತಿಳಿಯಿತು.

ಅದೇ ಪದ. ಅದೇ ಯಂತ್ರ. ಪಟ್ಟಣದ ಬಾಯಲ್ಲಿ ಹೆಚ್ಚಿದರೆ ಕೊರತೆ, ಹಳುವಟ್ಟಿಯ ಬಾಯಲ್ಲಿ ಹೆಚ್ಚಿದರೆ ಸಮೃದ್ಧಿ. ಪದ ತೂಗುವ ಮೊದಲು ಯಂತ್ರ ಬಾಯಿಯನ್ನು ತೂಗುತ್ತಿತ್ತು. ಇದನ್ನು ಯಾವ ಕಬ್ಬಿಣವೂ ತಾನಾಗಿ ಕಲಿಯುವುದಿಲ್ಲ. ಕೂರಿಸಿಕೊಂಡು ಕಲಿಸಬೇಕು.

*

ಸೋಬಿ ಕೆಲಸ ಬಿಟ್ಟು ಊರಿಗೆ ನಡೆದಳು. ಅರಳಿಕಟ್ಟೆಯ ಮೇಲೆ ಊರು ಸೇರಿತು. ಅವಳು ಕಂಡದ್ದು ಕೇಳಿದ್ದು ಎಲ್ಲ ಬಿಚ್ಚಿಟ್ಟಳು. ಹಿರೀಕ ಗೋಣಜ್ಜ ಕೋಲಿನ ತುದಿಯಿಂದ ಮಣ್ಣು ಕೆದರುತ್ತ ಕೇಳಿದ:

"ಈಗ ನಾವೇನ್ಮಾಡ್ಬೇಕು ಅಂತೀಯೆ?"

"ಸೇರಿಕೆ ದಿನ ಅವರ ಎದುರಿಗೇ ಕಲ್ಲಿಗೆ ನೇರವಾಗಿ ಹೇಳಾನ ಅಜ್ಜ. ನೀರಿಲ್ಲ, ಹೊಳೆ ಸತ್ತೈತೆ ಅಂತ. ಆ ಮಾತಿಗೆ ಅವರ ಯಂತ್ರದಲ್ಲಿ ಎರಡು ಅರ್ಥ ಇಲ್ಲ."

ಕಟ್ಟೆಯ ಸುತ್ತ ಗುಜುಗುಜು ಎದ್ದಿತು. ಗೋಣಜ್ಜ ಕೈ ಎತ್ತಿ ಅದನ್ನು ಅಡಗಿಸಿದ.

"ಸೋಬಿ, ನೀನು ನಮ್ಮ ಮಗಳು, ಇಲ್ಲ ಅನ್ನಾಕಿಲ್ಲ. ಆದ್ರೆ ಇಷ್ಟು ದಿವ್ಸ ತಿಂದಿದ್ದು ಅವರ ಉಪ್ಪು. ಹೊಳೆಗೆ ಕಿವಿ ಐತೆ ಅನ್ನಾದು ನಿನಗೂ ಗೊತ್ತು, ಅವರಿಗೂ ಗೊತ್ತು. ಸತ್ತೆ ಅಂತ ಅವಳ ಮುಂದೆ ನಾವಂದ್ರೆ ಅವಳು ಸಾಯ್ತಾಳೆ. ಆವಾಗ ಅವರ ಸುಣ್ಣವೂ ಉಳೀತು, ಪಾಪವೂ ನಮ್ಮ ಮ್ಯಾಲೆ ಬಿತ್ತು. ನಮ್ಮ ಬಾಯಲ್ಲೇ ಹೊಳೆ ಕೊಲ್ಲಿಸೋಕೆ ಅವರು ನಿನ್ನ ಕಳಿಸವ್ರೆ ಅಂತ ನಾನು ತಿಳ್ಕೊಂಡ್ರೆ, ತಪ್ಪಾ?"

ತಪ್ಪು ಎನ್ನಲು ಸೋಬಿಯ ಬಳಿ ಏನಿತ್ತು? ಅವಳು ವಿಭಾಕರನನ್ನು ಸಂಶಯದಿಂದ ನೋಡಿದ ಕಣ್ಣಲ್ಲೇ ಊರು ಅವಳನ್ನು ನೋಡುತ್ತಿತ್ತು. ಅಷ್ಟರಮಟ್ಟಿಗೆ ಕಿವಿಮನೆ ಗೆದ್ದಿತ್ತು. ನೀರು ಕಸಿಯುವವರು ಮೊದಲು ಕಸಿಯುವುದು ನೆರೆಯವರ ಮೇಲಿನ ನಂಬಿಕೆಯನ್ನು.

ಆ ರಾತ್ರಿ ಒಲೆಯ ಮುಂದೆ ಕೂತ ಕಾಳಾಜಮ್ಮ ರೊಟ್ಟಿ ತಿರುವಿಹಾಕಿ ಕೇಳಿದಳು:

"ಪಟ್ಣದ ಹೆಂಗಸು ಹೆಚ್ಚಿತು ಅಂದಿದ್ದನ್ನ ನೀನೇ ಕಿವಿಯಾರೆ ಕೇಳ್ದ್ಯಾ ಮಗಾ?"

"ಕೇಳ್ದೆ ಕಣವ್ವಾ."

"ಅವಳಿಗೆ ನೀರು ಬಂತಾ?"

"ಬಂತು."

ಕಾಳಾಜಮ್ಮ ರೊಟ್ಟಿಯನ್ನು ಮಗಳ ತಟ್ಟೆಗೆ ಹಾಕಿದಳು. "ಹಂಗಾದ್ರೆ ನಮ್ಮ ಮಾತೇನೂ ಕೆಟ್ಟಿಲ್ಲ. ಅವರ ಕಿವಿ ಕೆಟ್ಟೈತೆ. ತಿನ್ನು."

*

ಸೇರಿಕೆಯ ದಿನ ಬೆಳಗಿನ ಆಕಾಶದಲ್ಲಿ ಎರಡೂ ಚಂದ್ರರು ಒಂದರ ಮೇಲೊಂದು ಸರಿದು ಮಸುಕು ಬಟ್ಟಲಿನಂತೆ ಕಾಣುತ್ತಿದ್ದರು. ವಿಭಾಕರ ಪಲ್ಲಕ್ಕಿಯಲ್ಲಿ ಬಂದ. ಹಿಂದೆ ಸುಣ್ಣದ ಗಾಡಿಗಳು. ಮೆಟ್ಟಿಲ ಮೇಲೆ ಮುಳ್ಳಿನ ಪೆಟ್ಟಿಗೆಯಿಟ್ಟು ಕಲ್ಲಿಗೆ ತಂತಿ ಜೋಡಿಸಿದರು. ಸೋಬಿಯನ್ನು ಕಂಡು ಅವನು ನಸುನಕ್ಕ.

"ಕೆಲಸ ಬಿಟ್ಟು ಬಂದೆಯಂತೆ. ಹೇಳಿಹೋಗಬಾರದಿತ್ತಾ?" ಆಮೇಲೆ ಊರಿನತ್ತ ತಿರುಗಿ, "ಹಿರಿಯರು ಯಾರಾದರೂ ಬನ್ನಿ. ಹೊಳೆಯ ವಿಚಾರ ನಿಮ್ಮ ಮಾತಲ್ಲೇ, ನಿಮ್ಮ ರೂಢಿಯಂತೆಯೇ ಹೇಳಿ. ಸಂಕೋಚ ಬೇಡ."

ನಿಮ್ಮ ರೂಢಿಯಂತೆಯೇ! ಗೊತ್ತಿಲ್ಲವೆಂದವನ ಬಾಯಲ್ಲೇ ಈ ಮಾತು.

ಗೋಣಜ್ಜ ಮೆಟ್ಟಿಲಿಳಿದು ಕಲ್ಲಿನ ಮುಂದೆ ನಿಂತ. ಕೈಮುಗಿದ. "ತಾಯೀ, ಹೊಳೆ ಹೆ..." ಎಂದವನ ತೋಳನ್ನು ಯಾರೋ ಹಿಡಿದರು. ಕಾಳಾಜಮ್ಮ. ಗಂಡ ತೀರಿಕೊಂಡಾಗಲೂ 'ಅವರು ದೊಡ್ಡೋರಾದ್ರು' ಎಂದವಳು. ಸಾವೆಂಬ ಮಾತನ್ನು ಜನ್ಮದಲ್ಲಿ ನಾಲಿಗೆಗೆ ತಾಕಿಸದವಳು. ಅವಳು ಅಜ್ಜನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಲ್ಲನ್ನು ಬಿಟ್ಟು, ಒಣಗಿದ ಹೊಳೆಯ ಕಡೆಗೇ ಮುಖ ಮಾಡಿದಳು.

"ನಂದೊಂದು ತಪ್ಪಾಗ್ತದೆ, ಹೊಟ್ಟೆಗಾಕ್ಕೋ ನಮ್ಮವ್ವಾ," ಎಂದಳು. ಆಮೇಲೆ ದನಿ ಎತ್ತಿದಳು. "ನೀರಿಲ್ಲ. ಒಂದು ಬೊಗಸೆ ಇಲ್ಲ. ಹೊಳೆ ಸತ್ತೋಗವ್ಳೆ."

ಹೆಂಗಸರು ಕೆನ್ನೆ ಬಡಿದುಕೊಂಡರು. ಚೆಲುವಿ "ಅಯ್ಯೋ, ಸಿವನೇ!" ಎಂದು ಕೂತುಬಿಟ್ಟಳು. ಪೆಟ್ಟಿಗೆಯ ಮುಳ್ಳು ಹಸಿರಿನಿಂದ ಕಿತ್ತುಕೊಂಡು ಕೆಂಪಿನ ಕೊನೆಗೆ ಹೋಗಿ ಬಡಿದು ನಿಂತಿತು. ಊರೆಲ್ಲ ಅದನ್ನು ನೋಡಿತು. ವಿಭಾಕರನೂ ನೋಡಿದ. ಅವನು ಸಿಟ್ಟಾಗಲಿಲ್ಲ. ಕರವಸ್ತ್ರದಿಂದ ಪೆಟ್ಟಿಗೆಯ ಗಾಜನ್ನು ಒರೆಸಿದ.

"ಇದನ್ನು ಲೆಕ್ಕಕ್ಕೆ ಹಿಡಿಯಲಾಗದು," ಎಂದ. "ಹಳುವಟ್ಟಿಯವರು ಇಂಥ ಅಪಶಕುನ ಆಡುವ ಜನವೇ ಅಲ್ಲ. ಕೆಟ್ಟದ್ದನ್ನು ಹೆಸರಿಟ್ಟು ಕರೆಯುವ ರೂಢಿಯೇ ನಿಮ್ಮಲ್ಲಿಲ್ಲ. ಅದು ನಮಗೆ ಚೆನ್ನಾಗಿ ಗೊತ್ತು. ಇದು ಯಾರೋ ಹೇಳಿಕೊಟ್ಟ ಮಾತು." ಅವನ ಕಣ್ಣು ಸೋಬಿಯ ಮೇಲಿತ್ತು.

ಗೋಣಜ್ಜ ಕತ್ತು ಎತ್ತಿದ.

"ಏನಂದ್ರಿ ಬುದ್ಧಿ? ನಮ್ಮ ರೂಢಿ ನಿಮಗೆ ಚೆನ್ನಾಗಿ ಗೊತ್ತಾ?"

ವಿಭಾಕರನ ಕರವಸ್ತ್ರ ಗಾಜಿನ ಮೇಲೆಯೇ ನಿಂತಿತು. ತಾನು ಆಡಿದ್ದೇನೆಂದು ಅವನಿಗೆ ಆಗ ಅರಿವಾಗಿರಬೇಕು.

"ಗೊತ್ತಿದ್ದೂ ಹಸಿರಿಗೆ ಹಾಕಿದ್ರಾ? ನಾವು ಅಳ್ತಾ ಹೇಳಿದ್ದು ತಿಳಿದೂ ತಿಳಿದೂ?" ಅಜ್ಜ ಸೋಬಿಯತ್ತ ಒಮ್ಮೆ ನೋಡಿದ, ಕಣ್ಣು ತಗ್ಗಿಸಿದ. "ಸೋಬಿ, ನಿನ್ನ ಅನುಮಾನ ಪಟ್ಟೆ ಕಣವ್ವ." ಮರುಕ್ಷಣ ಹೊಳೆಗೆ ತಿರುಗಿ, ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದ: "ನೀರಿಲ್ಲ! ನನಗೆ ಯಾವನೂ ಹೇಳ್ಕೊಟ್ಟಿಲ್ಲ! ನೀರಿಲ್ಲ! ಹೊಳೆ ಸತ್ತೋಗವ್ಳೆ!"

ಆಮೇಲೆ ಯಾರು ಮೊದಲು, ಯಾರು ಆಮೇಲೆ ಎಂಬುದೇ ಇಲ್ಲ. ಚೆಲುವಿ ಎದ್ದಳು. ಹೆಣೆಯುವವರು, ಕೊಯ್ಯುವವರು, ಬಸುರಿಯರು, ಕೂಸು ಕಂಕುಳಲ್ಲಿದ್ದವರು, ಎಲ್ಲ ಕೂಗಿದರು. ತಲೆಮಾರುಗಳಿಂದ ಒಬ್ಬೊಬ್ಬರೇ ಕಲ್ಲಿನ ಕಿವಿಯಲ್ಲಿ ಪಿಸುಗುಟ್ಟಿದ್ದ ಜನ ಒಟ್ಟಿಗೆ ಬಾಯಿ ತೆರೆದರು. ಸುಣ್ಣದ ಗಾಡಿಯ ಎತ್ತುಗಳು ಬೆದರಿ ನೊಗ ಕಳಚಿಕೊಂಡವು. ಜನ ಗಾಡಿಗಳಿಗೆ ಅಡ್ಡ ನಿಂತರು. ಆಳುಗಳು ಸನಿಕೆ ಎತ್ತಲಿಲ್ಲ. ವಿಭಾಕರ ಪಲ್ಲಕ್ಕಿ ಹತ್ತಿದ. ಹತ್ತುವಾಗ, "ಮತ್ತೆ ಬರುತ್ತೇವೆ," ಎಂದದ್ದು ಸೋಬಿಗೆ ಮಾತ್ರ ಕೇಳಿಸಿತು.

ಕೂಗು ನಿಂತ ಮೇಲೆ ಚೆಲುವಿಯ ಮಗಳು ಬೊಟ್ಟು ಮಾಡಿ ತೋರಿಸಿದಳು. ಮರಳು ಕಪ್ಪಾಗುತ್ತಿತ್ತು. ಮೊದಲು ಎಳೆಯಾಗಿ, ಆಮೇಲೆ ಅಂಗೈ ಅಗಲ, ಆಮೇಲೆ ಗೋಣಿಚೀಲದಷ್ಟು. ಅದರ ನಡುವೆ ಒಂದು ತೆಳ್ಳನೆ ಹೊಳಪು ತಡವರಿಸುತ್ತ ಬಂದು ಮೆಟ್ಟಿಲ ಬುಡಕ್ಕೆ ಮುಟ್ಟಿತು.

ಯಾರೂ ಬಗ್ಗಲಿಲ್ಲ. ಇಷ್ಟು ದಿನ ಬಾಯಾರಿದ್ದ ಜನ ನೀರಿನ ಮುಂದೆ ಕೈ ಕಟ್ಟಿ ನಿಂತರು.

"ಸೋಬಿ," ಎಂದಳು ಕಾಳಾಜಮ್ಮ. "ಇದು ನಮ್ಮ ಕೂಗಿಗೆ ಬಂತಾ, ಆ ಮುಳ್ಳು ಕೆಂಪಾಗಿದ್ದಕ್ಕೆ ಅವರ ತಮಟೆ ಕರೀತಾ?"

ಸೋಬಿ ಯೋಚಿಸಿದಳು. ಮುಳ್ಳು ಕೆಂಪಾಗಿದ್ದು ನಿಜ, ತಮಟೆ ಮೊಳಗಿರಬಹುದು. ಊರು ಕೂಗಿದ್ದೂ ನಿಜ. ಮರಳಿನಡಿ ಉಳಿದಿದ್ದ ಜೀವಿಗಳು ಎಚ್ಚೆತ್ತಿರಬಹುದು. "ಗೊತ್ತಾಗಾಕಿಲ್ಲ ಕಣವ್ವಾ. ಈ ಕಲ್ಲು ಇರಾಗಂಟ ಯಾವತ್ತೂ ಗೊತ್ತಾಗಾಕಿಲ್ಲ."

"ಕಿತ್ತಾಕಿದ್ರೆ?"

"ಕಿತ್ತಾಕಿದ್ರೆ ಕಿವಿಮನೆ ಲೆಕ್ಕದಲ್ಲಿ ನಮ್ಮೂರೇ ಇರಾಕಿಲ್ಲ. ಆಮೇಲೆ ತಮಟೆಯೂ ಇಲ್ಲ, ಕೇಳೋರೂ ಇಲ್ಲ. ಕೂಗು ಒಂದೇ."

ಗೋಣಜ್ಜ ಊರಿನ ಮುಖಗಳನ್ನೊಮ್ಮೆ ಸುತ್ತಿ ನೋಡಿದ. ಯಾರೂ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಆಳುಗಳು ಬಿಟ್ಟು ಓಡಿದ್ದ ಹಾರೆಯೊಂದು ಗಾಡಿಯ ಪಕ್ಕ ಬಿದ್ದಿತ್ತು. ಸೋಬಿ ಹೋಗಿ ಅದನ್ನೆತ್ತಿ ತಂದಳು. ಕಿವಿಮನೆಯಲ್ಲಿ ಮೆತ್ತಗಾಗಿದ್ದ ಅಂಗೈಗೆ ಅದು ಉರಿ ಹತ್ತಿಸಿತು. ಅವಳು ಕಲ್ಲಿನ ಬುಡಕ್ಕೆ ಮೊದಲ ಏಟು ಹಾಕಿದಳು. ಎರಡನೆಯದಕ್ಕೆ ಕಾಳಾಜಮ್ಮನ ಕೈ ಸೇರಿತು. ಆಮೇಲೆ ಚೆಲುವಿಯದು, ಅಜ್ಜನ ಕೋಲು, ಯಾರ್ಯಾರದೋ ಭುಜ. ತಾಮ್ರದ ತಂತಿ ಬೇರಿನಂತೆ ಚಾಚಿಕೊಂಡು ಹೊರಬಂದು ಫಟ್ಟೆಂದು ಹರಿಯಿತು. ಕಲ್ಲು ಮಗ್ಗುಲಾಗಿ ಬಿತ್ತು.

ಅದು ಇದ್ದ ಜಾಗದಲ್ಲೊಂದು ಗುಂಡಿ. ಊರೆಲ್ಲ ಬಗ್ಗಿ ಅದನ್ನೇ ನೋಡುತ್ತಿತ್ತು. ಉಸಿರಾಡುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಗುಂಡಿಯ ತಳ ಮೊದಲು ಮಿನುಗಿತು. ಆಮೇಲೆ ನಿಧಾನಕ್ಕೆ, ಯಾರೂ ಏನೂ ಹೇಳದೆ ಇದ್ದರೂ, ಆ ಉಸಿರಿನ ಸದ್ದಿಗೇ ಎಂಬಂತೆ, ಅದರೊಳಗೆ ನೀರು ಏರತೊಡಗಿತು.